ಜೊಹಾನೆಸ್ ಕೆಪ್ಲರ್: ವೃತ್ತವನ್ನು ಬಿಟ್ಟುಕೊಟ್ಟ ಖಗೋಳಜ್ಞ

ಭೌತಶಾಸ್ತ್ರದ ಪುಸ್ತಕಗಳಲ್ಲಿ ನಿಯಮ ಮತ್ತು ಗೃಹೀತ ಎಂಬ ಎರಡು ಮಾತುಗಳು ಬರುತ್ತವೆ. ವಿಚಾರ ಮೊದಲಾಗುವ ಮುನ್ನವೇ ನಿಜವೆಂದು ಒಪ್ಪಿಕೊಂಡದ್ದು ಗೃಹೀತ. ಪ್ರಕೃತಿಯನ್ನು ಅಳೆದು ನೋಡಿ ಅದರ ನಡೆಯಲ್ಲಿ ಕಂಡುಕೊಂಡ ಕ್ರಮ ನಿಯಮ. ನಮ್ಮ ಮಕ್ಕಳು ಇವೆರಡನ್ನೂ ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡುತ್ತಾರೆ. ಇವುಗಳ ನಡುವಣ ಭೇದಕ್ಕಾಗಿ ವರ್ಷಗಟ್ಟಲೆ ದುಡಿದವನು ಜರ್ಮನಿಯ ಜೊಹಾನೆಸ್ ಕೆಪ್ಲರ್.

1571ರ ಡಿಸೆಂಬರ್ 27ರಂದು ವೈಲ್ ಡೆರ್ ಸ್ಟಾಟ್ ಎಂಬ ಪುಟ್ಟ ಪಟ್ಟಣದಲ್ಲಿ ಹುಟ್ಟಿದ ಅವನು ಲೂಥರನ್ ಪಂಗಡದವನು. ಧರ್ಮಬೋಧಕನಾಗುವ ಆಸೆಯಿಂದ ಟ್ಯೂಬಿಂಗೆನ್‌ನಲ್ಲಿ ದೈವಶಾಸ್ತ್ರ ಕಲಿಯುತ್ತಿದ್ದವನು 1594ರಲ್ಲಿ ಗಣಿತದ ಉಪಾಧ್ಯಾಯನಾಗಿ ಆಸ್ಟ್ರಿಯದ ಗ್ರಾಟ್ಸ್ ನಗರಕ್ಕೆ ಹೋದನು. ಅಲ್ಲಿನ ಕಥೋಲಿಕ ಅರಸ ಫರ್ಡಿನಾಂಡನ ಆಜ್ಞೆಯಂತೆ 1600ರಲ್ಲಿ ಮತ ಬದಲಿಸಲೊಪ್ಪದವರು ಊರು ಬಿಡಬೇಕಾಯಿತು. ಕೆಪ್ಲರನು ಊರು ಬಿಟ್ಟನು. ಮುಂದೆ 1612ರಲ್ಲಿ ಲಿಂಟ್ಸ್ ನಗರದಲ್ಲಿ, ತನ್ನ ಪಂಗಡದ ವಿಶ್ವಾಸಪತ್ರಕ್ಕೆ ಪೂರ್ಣ ಮನಸ್ಸಿಲ್ಲದೆ ಸಹಿ ಹಾಕಲಾರೆನೆಂದುದಕ್ಕೆ ಲೂಥರನ್ ಬೋಧಕನೇ ಅವನಿಗೆ ಪ್ರಭುಭೋಜನವನ್ನು ನಿರಾಕರಿಸಿದನು. ಎರಡೂ ಕಡೆಯಿಂದ ಪೆಟ್ಟು ತಿಂದ ಈ ಮನುಷ್ಯನ ಕಷ್ಟದಲ್ಲಿ ನಮ್ಮವರ ಪಾಲೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ಗ್ರಾಟ್ಸ್ ಬಿಟ್ಟವನಿಗೆ ಪ್ರಾಗ್ ನಗರದಲ್ಲಿ ಆಶ್ರಯ ಕೊಟ್ಟವನು ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆ. ದೂರದರ್ಶಕವಿಲ್ಲದ ಆ ಕಾಲದಲ್ಲಿ ಬರಿಗಣ್ಣಿನಿಂದ ಟೈಕೊ ಮಾಡಿದ ಅಳತೆಗಳಿಗೆ ಸಾಟಿಯಿರಲಿಲ್ಲ. 1601ರಲ್ಲಿ ಅವನು ತೀರಿಕೊಂಡ ಮೇಲೆ ಆ ಅಳತೆಗಳು ಕೆಪ್ಲರನ ಕೈಸೇರಿದವು. ಮಂಗಳಗ್ರಹದ ಹಾದಿಯನ್ನು ಗೊತ್ತುಮಾಡುವುದು ಅವನ ಕೆಲಸ.

ಆಕಾಶವು ಪರಿಪೂರ್ಣ, ವೃತ್ತವು ಪರಿಪೂರ್ಣ ಆಕೃತಿ, ಆದ್ದರಿಂದ ಗ್ರಹಗಳ ಚಲನೆ ವೃತ್ತಗಳಿಂದಲೇ ಆಗಿರಬೇಕು ಎಂಬುದು ಗ್ರೀಕರ ಕಾಲದಿಂದ ಬಂದ ಗೃಹೀತ. ಭೂಮಿಯನ್ನೇ ಚಲಿಸುವಂತೆ ಮಾಡಿದ ಕೊಪರ್ನಿಕಸನೂ ವೃತ್ತವನ್ನು ಬಿಡಲಿಲ್ಲ. ಅದನ್ನು ಯಾರೂ ಆಕಾಶದಲ್ಲಿ ಕಂಡಿರಲಿಲ್ಲ. ಯಾರೂ ಪ್ರಶ್ನಿಸಿಯೂ ಇರಲಿಲ್ಲ ಎಂದರೆ ನಡೆದೀತು. ಕೆಪ್ಲರನೂ ವೃತ್ತದಿಂದಲೇ ತೊಡಗಿ, ಲೆಕ್ಕವನ್ನು ಹತ್ತಾರು ಸಲ ಮಾಡಿ ನೋಡಿದನು. ಕೊನೆಗೂ ಕೆಲವೆಡೆ ವ್ಯತ್ಯಾಸ ಉಳಿಯಿತು. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಅದರಲ್ಲಿ 8 ಪಾಲು, ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಕಾಲುಭಾಗ. ಬೇರೊಬ್ಬನಾಗಿದ್ದರೆ ಅಳತೆಯ ತಪ್ಪೆಂದು ಕೈಬಿಡುತ್ತಿದ್ದನೇನೋ. ಟೈಕೊ ಅಷ್ಟು ದೊಡ್ಡ ತಪ್ಪು ಮಾಡುವವನಲ್ಲವೆಂದು ಕೆಪ್ಲರನಿಗೆ ಗೊತ್ತಿತ್ತು. ಅವನು ವೃತ್ತವನ್ನೇ ಬಿಟ್ಟನು. ಮಂಗಳನ ಹಾದಿ ದೀರ್ಘವೃತ್ತ, ಅದರ ಒಂದು ನಾಭಿಯಲ್ಲಿ ಸೂರ್ಯ. ಸೂರ್ಯನ ಸಮೀಪ ಬಂದಾಗ ಗ್ರಹದ ವೇಗ ಹೆಚ್ಚು, ದೂರ ಸರಿದಾಗ ಕಡಿಮೆ. 1609ರಲ್ಲಿ ಇವು ಅಚ್ಚಾದವು.

ಇದಕ್ಕೆ ಅವನು ಕೊಟ್ಟ ಕಾರಣ ಮಾತ್ರ ತಪ್ಪಾಗಿತ್ತು. ತಿರುಗುವ ಸೂರ್ಯನಿಂದ ಹೊರಟ ಅಯಸ್ಕಾಂತದಂಥ ಶಕ್ತಿ ಗ್ರಹಗಳನ್ನು ತಳ್ಳುತ್ತದೆಂದು ಅವನು ಊಹಿಸಿದ್ದನು. ಕಾರಣ ಬಿದ್ದುಹೋಯಿತು, ನಿಯಮ ನಿಂತಿತು. ಎಂತಹ ಕ್ರಮ ಎಂಬ ಪ್ರಶ್ನೆ ಬೇರೆ, ಏಕೆ ಎಂಬ ಪ್ರಶ್ನೆ ಬೇರೆ.

ತಾಯಿ ಕತರೀನಾಳ ಮೇಲೆ 1615ರಲ್ಲಿ ಮಾಟಗಾತಿಯೆಂಬ ಆಪಾದನೆ ಬಂದು, 1621ರಲ್ಲಿ ಅವಳ ಬಿಡುಗಡೆಯಾಗುವ ತನಕ ಮಗ ಅವಳ ಪರವಾಗಿ ಹೋರಾಡಿದನು. ಅದರ ನಡುವೆ 1618ರಲ್ಲಿ ಮೂರನೆಯ ನಿಯಮ ಹೊಳೆಯಿತು. ಗುರುಗ್ರಹವು ಸೂರ್ಯನಿಂದ ಭೂಮಿಗಿಂತ 5.2 ಪಟ್ಟು ದೂರದಲ್ಲಿದೆ, ಅದರ ಒಂದು ಸುತ್ತಿಗೆ 11.86 ವರ್ಷ. ಮೊದಲ ಸಂಖ್ಯೆಯ ಘನ, ಎರಡನೆಯದರ ವರ್ಗ, ಎರಡೂ 140ಕ್ಕೆ ತುಸು ಮೇಲೆ. ಮಕ್ಕಳಿಂದ ಗುಣಿಸಿ ನೋಡಿಸಿರಿ.

1687ರಲ್ಲಿ ನ್ಯೂಟನ್ ತನ್ನ ಚಲನನಿಯಮಗಳನ್ನು ಮೂಲಗೃಹೀತಗಳಾಗಿ ಮುಂದಿಟ್ಟು, ಅವುಗಳಿಂದಲೂ ಗುರುತ್ವಾಕರ್ಷಣೆಯಿಂದಲೂ ಕೆಪ್ಲರನ ನಿಯಮಗಳನ್ನು ಸಾಧಿಸಿದನು. ಆದರೆ ಅದೇ ಗುರುತ್ವದಿಂದ ಗ್ರಹಗಳು ಒಂದನ್ನೊಂದು ಸೆಳೆಯುವುದರಿಂದ ಯಾವ ಗ್ರಹದ ಹಾದಿಯೂ ಕರಾರುವಾಕ್ಕಾದ ದೀರ್ಘವೃತ್ತವಲ್ಲವೆಂದೂ ತಿಳಿಯಿತು. ನ್ಯೂಟನನ ಲೆಕ್ಕಕ್ಕೂ ಸಿಗದೆ ಬುಧಗ್ರಹದ ಚಲನೆಯಲ್ಲಿ ಉಳಿದಿದ್ದ ಚಿಕ್ಕ ವ್ಯತ್ಯಾಸವನ್ನು 1915ರಲ್ಲಿ ಐನ್‌ಸ್ಟೈನ್ ವಿವರಿಸಿದನು. ಇಷ್ಟರಿಂದ ನಿಯಮಗಳು ಸುಳ್ಳಾಗಲಿಲ್ಲ. ಅವು ಎಲ್ಲಿಯವರೆಗೆ ಸಲ್ಲುತ್ತವೆ ಎಂಬ ಗಡಿ ಗೊತ್ತಾಯಿತು.

ವೃತ್ತವನ್ನು ಬಿಟ್ಟ ಕೆಪ್ಲರನು ಇನ್ನೊಂದು ಗೃಹೀತವನ್ನು ಬಿಡಲಿಲ್ಲ. ಆರು ಗ್ರಹಗಳ ನಡುವಣ ಅಂತರಗಳನ್ನು ದೇವರು ಐದು ಸಮಘನಾಕೃತಿಗಳಿಂದ ಅಳೆದಿಟ್ಟನೆಂಬ ತಾರುಣ್ಯದ ಕಲ್ಪನೆಯನ್ನು 1596ರಲ್ಲಿ ಅಚ್ಚುಮಾಡಿಸಿದ್ದನು. 1621ರಲ್ಲಿ ಟಿಪ್ಪಣಿ ಸೇರಿಸಿ ಮತ್ತೆ ಅಚ್ಚುಮಾಡಿಸಿದನು. 1630ರ ನವೆಂಬರ್ 15ರಂದು ರೇಗನ್ಸ್‌ಬುರ್ಗ್ ನಗರದಲ್ಲಿ ಅವನು ಕಣ್ಮುಚ್ಚಿದನು. ಮೂವತ್ತು ವರ್ಷಗಳ ಯುದ್ಧದಲ್ಲಿ ಆ ಸ್ಮಶಾನವೇ ಹಾಳಾಗಿ, ಅವನ ಸಮಾಧಿ ಎಲ್ಲಿತ್ತೆಂಬುದು ಅಳಿಸಿಹೋಯಿತು.