ದಂಡಿನ ನೆಲವೂ ದಿವಾನ್ ಮಿರ್ಜಾ ಇಸ್ಮಾಯಿಲರೂ

ಸಂಸ್ಥಾನದ ಅಧಿಕಾರವು ಎಲ್ಲಿ ಮುಗಿದು ಕೇಂದ್ರದ ಅಧಿಕಾರವು ಎಲ್ಲಿ ತೊಡಗುವುದೆಂಬುದನ್ನು ಬೆಂಗಳೂರಿನವರು ಗ್ರಂಥಗಳಿಂದ ಕಲಿಯಬೇಕಾಗಿರಲಿಲ್ಲ. 1881ರಲ್ಲಿ ಆಂಗ್ಲರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗ ದಂಡುಪ್ರದೇಶವನ್ನು ತಮ್ಮ ಕೈಯಲ್ಲಿಯೇ ಉಳಿಸಿಕೊಂಡರು. ಹಲಸೂರೂ, ಇಂದು ಶಿವಾಜಿನಗರವೆನಿಸಿರುವ ಬ್ಲಾಕ್‌ಪಲ್ಲಿಯೂ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟುವು, ಪೇಟೆಯು ಮಹಾರಾಜರದಾಯಿತು. ನೆಲವು ಮೈಸೂರಿನದು, ಅಧಿಕಾರವು ಪರರದು. ಹೀಗೆ ಎರಡು ಆಳ್ವಿಕೆಗಳ ನಡುವೆ ಹಂಚಿಹೋಗಿದ್ದ ಊರಿನಲ್ಲಿ, 1883ರ ಅಕ್ಟೋಬರ್ 24ರಂದು, ಮಿರ್ಜಾ ಇಸ್ಮಾಯಿಲರು ಜನಿಸಿದರು.

ಅವರ ಪಿತಾಮಹರಾದ ಅಲಿ ಅಸ್ಕರರು ಪಾರಸೀಕ ದೇಶದಿಂದ ಕುದುರೆಯ ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ನೆಲೆಸಿದವರು. ಮಿರ್ಜಾರವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಗಳಾಗಿ ಬೆಳೆದು, 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವೀಧರರಾದರು. 1926ರಲ್ಲಿ ದಿವಾನ್ ಪದವಿಯು ಅವರಿಗೆ ಪ್ರಾಪ್ತವಾಯಿತು.

ಮೈಸೂರು ಅಂದು ಚಕ್ರಾಧಿಪತ್ಯಕ್ಕೆ ವರ್ಷಂಪ್ರತಿ 35 ಲಕ್ಷ ರೂಪಾಯಿಗಳ ಪೊಗದಿಯನ್ನು ಸಲ್ಲಿಸುತ್ತಿದ್ದಿತು. 1927ರಲ್ಲಿ ವೈಸರಾಯ್ ಇರ್ವಿನ್ ಪ್ರಭುಗಳು ಅದರಲ್ಲಿ ಹತ್ತೂವರೆ ಲಕ್ಷವನ್ನು ಬಿಟ್ಟುಕೊಟ್ಟರು. ಇದು ಸಂತೋಷದ ವಿಷಯವೇ ಸರಿ. ಆದರೆ ಒಬ್ಬರ ಪ್ರಸನ್ನತೆಯಿಂದ ದೊರೆತುದು ಮತ್ತೊಬ್ಬರ ಅಪ್ರಸನ್ನತೆಯಿಂದ ಹೋಗಬಹುದಷ್ಟೆ. ಹಕ್ಕಿಗೆ ಆಧಾರವು ಶಾಸನವಾಗಿರಬೇಕು. 1930 ಮತ್ತು 1931ರ ದುಂಡುಮೇಜಿನ ಪರಿಷತ್ತುಗಳಿಗೆ ಲಂಡನ್ನಿಗೆ ತೆರಳಿದ ದಿವಾನರು, ಸಂಸ್ಥಾನಗಳೂ ಪ್ರಾಂತಗಳೂ ಕೂಡಿದ ಸಂಯುಕ್ತ ಭಾರತದ ಪಕ್ಷವನ್ನು ವಹಿಸಿದರು. ಆ ಯೋಜನೆಯು 1935ರ ಶಾಸನದಲ್ಲಿ ಸೇರಿತಾದರೂ, ಬೇಕಾದಷ್ಟು ಮಂದಿ ರಾಜರು ಒಪ್ಪದೆ ಕಾರ್ಯಗತವಾಗಲಿಲ್ಲ.

ದಿವಾನರ ಕೀರ್ತಿಗೆ ಒಂದು ಕೊರತೆಯುಂಟು. ದೆಹಲಿಯಿಂದ ಸಂಸ್ಥಾನಕ್ಕೆ ಬಯಸಿದ ಅಧಿಕಾರವನ್ನು ಅವರು ಸಂಸ್ಥಾನದೊಳಗೆ ಪ್ರಜೆಗಳಿಗೆ ಹಂಚಲಿಲ್ಲ. ಪ್ರಜಾಪ್ರತಿನಿಧಿ ಸಭೆಯಿದ್ದಿತು, ಮಂತ್ರಿಗಳು ಅದಕ್ಕೆ ಹೊಣೆಯಾಗಿರಲಿಲ್ಲ. 1938ರ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿದುದು ಅವರ ಆಡಳಿತದಲ್ಲಿಯೇ. ಬಳಿಕ ಸರ್ದಾರ್ ಪಟೇಲರೊಡನೆ ಒಪ್ಪಂದವಾಯಿತು. ಜವಾಬ್ದಾರಿ ಸರ್ಕಾರವು ಮಾತ್ರ ಬರಲಿಲ್ಲ.

1941ರಲ್ಲಿ ಅವರು ಪದವಿಯನ್ನು ಬಿಟ್ಟು, ಮುಂದೆ ಜಯಪುರ, ಹೈದರಾಬಾದುಗಳಲ್ಲಿ ಮಂತ್ರಿತ್ವ ವಹಿಸಿದರು. 1947ರ ಜುಲೈ 26ರಂದು ದಂಡುಪ್ರದೇಶವು ಮೈಸೂರಿಗೆ ಮರಳಿತು. ಅಕ್ಟೋಬರಿನಲ್ಲಿ ಪ್ರಜೆಗಳ ಹೋರಾಟದಿಂದ ಜವಾಬ್ದಾರಿ ಸರ್ಕಾರವೂ ಬಂದಿತು. ಇವೆರಡನ್ನೂ ಕಣ್ಣಾರೆ ಕಂಡು, ಮಿರ್ಜಾರವರು 1959ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಾಲವಾದರು.

ಇಂದು ಕೇಂದ್ರಕ್ಕೂ ರಾಜ್ಯಕ್ಕೂ ಸಲ್ಲುವ ವಿಷಯಗಳು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಬರೆದಿವೆ. ತೆರಿಗೆಯ ಪಾಲಿಗಾಗಿ ವಾದಿಸುವ ರಾಜ್ಯವು ಭಿಕ್ಷೆ ಬೇಡುತ್ತಿಲ್ಲ, ತನ್ನ ಹಕ್ಕನ್ನು ಕೇಳುತ್ತಿದೆ. ಆದರೆ ಹಾಗೆ ಕೇಳುವ ರಾಜ್ಯವು ತನ್ನ ನಗರಸಭೆಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಅದೇ ನ್ಯಾಯವನ್ನು ಸಲ್ಲಿಸತಕ್ಕುದು. ಮೇಲಿನವರಿಂದ ಪಡೆದುದನ್ನು ಕೆಳಗಿನವರಿಗೆ ಹಂಚದಿದ್ದರೆ ಆ ವಾದಕ್ಕೆ ಬಲವಿರದು.