ಕ್ರಿಸ್ತನನ್ನು ತಾಯಿಯೆಂದು ಹಾಡಿದ ನಾರಾಯಣ ವಾಮನ ಟಿಳಕರು

ನಾವು ಪ್ರಾರ್ಥಿಸುವಾಗ ದೇವರನ್ನು ತಂದೆಯೆಂದು ಕರೆಯುವೆವು. ಹಾಗೆ ಕರೆಯಲು ಕರ್ತನೇ ನಮಗೆ ಕಲಿಸಿದ್ದಾನೆ. ಆದರೂ ತಾಯಿಯಂತೆ ಸಂತೈಸುವವನು ಆತನೇ ಎಂಬುದನ್ನು ಪ್ರವಾದಿಯಾದ ಯೆಶಾಯನು ಸಾರಿದ್ದಾನೆ. ಈ ಸತ್ಯವನ್ನು ಹಾಡಿ ತೋರಿಸಿದ ಮಹಾರಾಷ್ಟ್ರದ ಭಕ್ತರೊಬ್ಬರ ಚರಿತ್ರೆಯನ್ನು ಕೇಳಿರಿ.

ನಾರಾಯಣ ವಾಮನ ಟಿಳಕರು 1861ರಲ್ಲಿ ಕೊಂಕಣದ ರತ್ನಾಗಿರಿ ಜಿಲ್ಲೆಯ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆಯ ಸ್ವಭಾವವು ಕಠಿಣವಾಗಿತ್ತು. ತಾಯಿಯಾದರೋ ದೈವಭಕ್ತಳು, ಮೃದುಹೃದಯಳು. ಬಾಲಕನಿಗೆ ಭಕ್ತಿಯೂ ಕವಿತ್ವವೂ ಆಕೆಯ ಮಡಿಲಿನಲ್ಲಿಯೇ ದೊರೆತವು. ಅವರು ಇನ್ನೂ ಚಿಕ್ಕವರಿರುವಾಗಲೇ ಆ ತಾಯಿಯು ತೀರಿಹೋದಳು. ಆ ಮೇಲೆ ನಾಸಿಕದಲ್ಲಿ ವಿದ್ಯೆ ಕಲಿತು, ಕವಿಯೆಂದು ಹೆಸರು ಪಡೆದರೂ ಮನಸ್ಸಿಗೆ ವಿಶ್ರಾಂತಿ ಇರಲಿಲ್ಲ.

1893ರಲ್ಲಿ ರೈಲು ಪ್ರಯಾಣ ಮಾಡುತ್ತಿದ್ದಾಗ ಅಪರಿಚಿತನಾದ ಯುರೋಪಿಯನ್ ಗೃಹಸ್ಥನೊಬ್ಬನು ಅವರಿಗೆ ಹೊಸ ಒಡಂಬಡಿಕೆಯನ್ನು ಕೊಟ್ಟನು. ಓದುತ್ತಾ ಪರ್ವತ ಪ್ರಸಂಗಕ್ಕೆ ಬಂದಾಗ ಅವರ ಮನಸ್ಸು ಸೆರೆಯಾಯಿತು. 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನ ಹೊಂದಿದರು. ಬಂಧುಗಳು ದೂರವಾದರು, ಪತ್ನಿಯಾದ ಲಕ್ಷ್ಮೀಬಾಯಿಯವರು ಶೋಕದಲ್ಲಿ ಮುಳುಗಿ, ಚಿಕ್ಕ ಮಗನೊಂದಿಗೆ ಕೆಲವು ವರ್ಷ ಬೇರೆಯಾಗಿಯೇ ಇದ್ದರು. ಕೊನೆಗೆ ಆಕೆಯು ಗಂಡನ ಬಳಿಗೆ ಬಂದು, ತಾನೇ ವಿಚಾರಿಸಿ ನಂಬಿ, 1900ರಲ್ಲಿ ದೀಕ್ಷಾಸ್ನಾನ ಪಡೆದರು.

ಅಹಮದನಗರದಲ್ಲಿ ಸೇವೆಮಾಡುತ್ತಾ ಟಿಳಕರು ನೂರಾರು ಕೀರ್ತನೆಗಳನ್ನು ರಚಿಸಿದರು. ನಮ್ಮ ಕನ್ನಡ ನಾಡಿನವರೂ ಯಾತ್ರೆ ಹೋಗುವ ಪಂಢರಪುರದ ವಿಠೋಬನನ್ನು ಮರಾಠಿ ಸಂತರು ತಾಯಿಯೆಂದು ಕರೆದು ಹಾಡುತ್ತಿದ್ದರು. ಜ್ಞಾನೇಶ್ವರರನ್ನು ಜನರು ಮಾವುಲಿ, ಅಂದರೆ ತಾಯಿ, ಎನ್ನುವರು. ಟಿಳಕರು ಆ ಸಂತರ ಅಭಂಗದ ಧಾಟಿಯನ್ನೂ ಆ ಮಮತೆಯ ಮಾತನ್ನೂ ಕ್ರಿಸ್ತನ ಪಾದಕ್ಕೆ ತಂದು, ಆತನನ್ನು ತಾಯಿಯೂ ಗುರುವೂ ಆದವನೆಂದು ಹಾಡಿದರು.

ಹೀಗೆ ಕರೆಯುವುದು ತಕ್ಕದ್ದೋ? ಅಮ್ಮನ ಗುಡಿಯನ್ನು ಬಿಟ್ಟು ಬಂದ ಮನೆಗಳಲ್ಲಿ ಈ ಪ್ರಶ್ನೆಯು ಏಳುವುದು ಸಹಜ. ಟಿಳಕರು ಬೇರೊಂದು ದೇವಿಯನ್ನು ಸಭೆಯೊಳಗೆ ತರಲಿಲ್ಲ. ಯೆರೂಸಲೇಮಿಗಾಗಿ ಮರುಗಿದ ಕರ್ತನು, ಮರಿಗಳನ್ನು ರೆಕ್ಕೆಯ ಕೆಳಗೆ ಕೂಡಿಸಿಕೊಳ್ಳುವ ಕೋಳಿಗೆ ತನ್ನನ್ನೇ ಹೋಲಿಸಿಕೊಂಡನಲ್ಲವೇ? ಆ ಪ್ರೀತಿಗೆ ಅವರು ತಮ್ಮ ಮಾತೃಭಾಷೆಯಲ್ಲಿ ಹೆಸರಿಟ್ಟರು.

1917ರಲ್ಲಿ ಮಿಶನಿನ ಸಂಬಳವನ್ನು ಬಿಟ್ಟು ಸನ್ಯಾಸಿಯಂತೆ ಬಾಳತೊಡಗಿ, ಸಾತಾರದಲ್ಲಿ ದೇವರ ದರ್ಬಾರ್ ಎಂಬ ಭಕ್ತಮಂಡಲಿಯನ್ನು ಕೂಡಿಸಿದರು. 1919ರ ಮೇ 9ರಂದು ಮುಂಬಯಿಯಲ್ಲಿ ಕರ್ತನಲ್ಲಿ ನಿದ್ರೆಹೋದರು. ಕ್ರಿಸ್ತನ ಚರಿತ್ರೆಯನ್ನು ಹಾಡುವ ಕ್ರಿಸ್ತಾಯನ ಎಂಬ ಅವರ ಮಹಾಕಾವ್ಯವು ಆಗ ಅಪೂರ್ಣವಾಗಿತ್ತು. ಅದನ್ನು ಮುಂದುವರಿಸಿ ಮುಗಿಸಿದವರು, ಒಮ್ಮೆ ಅವರ ದೀಕ್ಷಾಸ್ನಾನಕ್ಕಾಗಿ ಕಣ್ಣೀರಿಟ್ಟಿದ್ದ ಲಕ್ಷ್ಮೀಬಾಯಿಯವರೇ.

ಸಹೋದರ ಸಹೋದರಿಯರೇ, ಹಸಿದ ಕೂಸು ತಾಯಿಯನ್ನು ಕೂಗುವುದಕ್ಕೆ ವಿದ್ಯೆ ಕಲಿಯುವ ತನಕ ಕಾಯುವುದಿಲ್ಲ. ಓದುಬರಹ ಬಾರದವರೂ ತಮ್ಮ ಮನೆಮಾತಿನಲ್ಲಿಯೇ ಆತನನ್ನು ಕೂಗಲಿ, ಆತನು ಕೇಳುವನು.