ಒಲೆಯನ್ನು ತಿದ್ದಿದ ವಿಜ್ಞಾನಿ

ಬೆಂಕಿ ಹೊತ್ತಿಸುವುದನ್ನು ಮನುಷ್ಯನು ಕಲಿತು ಲಕ್ಷಾಂತರ ವರ್ಷಗಳು ಕಳೆದಿವೆ. ಆದರೆ ಆ ಬೆಂಕಿಯ ಶಾಖವು ಪೋಲಾಗದಂತೆ ಉಪಯೋಗಿಸುವ ಬಗೆಯನ್ನು ಅವನು ಶಾಸ್ತ್ರೀಯವಾಗಿ ವಿಚಾರಮಾಡಿದುದು ತೀರ ಈಚೆಗೆ. ಗ್ರಹನಕ್ಷತ್ರಗಳ ಚಲನೆಯನ್ನು ಅಳೆದ ಪಂಡಿತರಲ್ಲಿ ಬಹುಮಂದಿಗೆ, ತಮ್ಮ ಮನೆಯ ಒಲೆಯಲ್ಲಿ ಸೌದೆ ಏಕೆ ಅಷ್ಟು ಬೇಗ ತೀರಿಹೋಗುತ್ತದೆ, ಹೊಗೆ ಏಕೆ ಕೋಣೆಯೊಳಕ್ಕೆ ನುಗ್ಗುತ್ತದೆ ಎಂಬ ಪ್ರಶ್ನೆಗಳು ಚಿಂತನೆಗೆ ಯೋಗ್ಯವಾಗಿ ತೋರಲಿಲ್ಲ. ಒಲೆಯ ಮುಂದೆ ಕುಳಿತು ಕಣ್ಣೀರು ಸುರಿಸುವವರ ಕಷ್ಟ ಗ್ರಂಥ ಬರೆಯುವವರ ಗಮನಕ್ಕೆ ಬರುವುದು ಅಪರೂಪ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಒಬ್ಬ ವಿಜ್ಞಾನಿ ತನ್ನ ಬುದ್ಧಿಶಕ್ತಿಯ ಬಹುಭಾಗವನ್ನು ಈ ಪ್ರಶ್ನೆಗಳಿಗೇ ಮೀಸಲಿಟ್ಟನು. ಅವನೇ ಕೌಂಟ್ ರಂಫರ್ಡ್. ತಂದೆತಾಯಿಗಳು ಅವನಿಗಿಟ್ಟ ಹೆಸರು ಬೆಂಜಮಿನ್ ಥಾಮ್ಸನ್.

ಥಾಮ್ಸನ್ನನು 1753ರ ಮಾರ್ಚ್ 26ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೂಬರ್ನ್ ಎಂಬ ಊರಿನಲ್ಲಿ, ಸಾಮಾನ್ಯ ರೈತ ಕುಟುಂಬವೊಂದರಲ್ಲಿ ಜನಿಸಿದನು. ಆಗ ಅಮೆರಿಕದ ಆ ಭಾಗವು ಇಂಗ್ಲೆಂಡಿನ ವಸಾಹತಾಗಿತ್ತು. ಅವನು ಹಸುಗೂಸಾಗಿದ್ದಾಗಲೇ ತಂದೆ ತೀರಿಕೊಂಡನು, ತಾಯಿ ಮರುಮದುವೆಯಾದಳು. ಹದಿಮೂರನೆಯ ವಯಸ್ಸಿನಲ್ಲಿ ಹುಡುಗನನ್ನು ಸೇಲಂ ಪಟ್ಟಣದ ವರ್ತಕನೊಬ್ಬನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸಿದರು. ಅವನ ಮನಸ್ಸು ವ್ಯಾಪಾರದಲ್ಲಿ ನಿಲ್ಲಲಿಲ್ಲ. ಒಮ್ಮೆ ಬಾಣಬಿರುಸುಗಳನ್ನು ತಾನೇ ತಯಾರಿಸಲು ಹೋಗಿ ಮದ್ದು ಸಿಡಿದು ಗಾಯಗೊಂಡನು. ಬೆಂಕಿಯೊಡನೆ ಅವನಿಗೆ ಉಂಟಾದ ಈ ನಂಟು ಕೊನೆಯವರೆಗೂ ಬಿಡಲಿಲ್ಲ. ಹಾರ್ವರ್ಡ್ ಕಾಲೇಜಿನಲ್ಲಿ ಸೇರಿ ಓದುವ ಅನುಕೂಲ ಅವನಿಗಿರಲಿಲ್ಲ. ಆದರೂ ಗೆಳೆಯನೊಬ್ಬನೊಡನೆ ಅಲ್ಲಿಗೆ ನಡೆದುಹೋಗಿ ಭೌತವಿಜ್ಞಾನದ ಉಪನ್ಯಾಸಗಳನ್ನು ಕೇಳಿ ಬರುತ್ತಿದ್ದನು. ಆಮೇಲೆ ನ್ಯೂಹ್ಯಾಂಪ್‌ಷೈರ್ ಪ್ರಾಂತದ ಕಾಂಕರ್ಡ್ ಎಂಬಲ್ಲಿ ಉಪಾಧ್ಯಾಯನಾದನು. ಹಿಂದೆ ಆ ಊರಿಗೆ ರಂಫರ್ಡ್ ಎಂದು ಹೆಸರಿತ್ತು. 1772ರಲ್ಲಿ, ಇನ್ನೂ ಹತ್ತೊಂಬತ್ತರ ತರುಣನಾಗಿದ್ದಾಗ, ತನಗಿಂತ ಹಿರಿಯಳಾದ ಸಿರಿವಂತ ವಿಧವೆಯೊಬ್ಬಳನ್ನು ಅಲ್ಲಿ ವಿವಾಹವಾದನು. ಎರಡು ವರ್ಷಗಳಲ್ಲಿ ಸಾರಾ ಎಂಬ ಮಗಳು ಹುಟ್ಟಿದಳು.

ಅಷ್ಟರಲ್ಲಿ ವಸಾಹತುಗಳ ಜನ ಇಂಗ್ಲೆಂಡಿನ ಆಳ್ವಿಕೆಯ ವಿರುದ್ಧ ತಿರುಗಿಬಿದ್ದರು. ಥಾಮ್ಸನ್ನನು ದೊರೆಯ ಪಕ್ಷವನ್ನು ಹಿಡಿದನು. ನೆರೆಹೊರೆಯವರು ಅವನನ್ನು ಶಂಕೆಯಿಂದ ಕಂಡರು. ಆ ಶಂಕೆ ನಿರಾಧಾರವಾಗಿರಲಿಲ್ಲ. 1775ರಲ್ಲಿ ಕಣ್ಣಿಗೆ ಕಾಣದ ಶಾಯಿಯಲ್ಲಿ ಅವನು ಆಂಗ್ಲ ಸೇನೆಗೆ ಗುಪ್ತವಾರ್ತೆ ಬರೆದು ಕಳುಹಿಸಿದ ಪತ್ರ ಆಮೇಲೆ ಸೇನಾಪತಿಯ ಕಾಗದಗಳಲ್ಲಿ ದೊರೆಯಿತು. 1776ರಲ್ಲಿ ಆಂಗ್ಲ ಸೇನೆ ಬಾಸ್ಟನ್ ನಗರವನ್ನು ತೆರವುಮಾಡಿದಾಗ ಅವನೂ ಹೆಂಡತಿಯನ್ನೂ ಎಳೆಯ ಮಗಳನ್ನೂ ಅಮೆರಿಕದಲ್ಲಿಯೇ ಬಿಟ್ಟು ಲಂಡನ್ನಿಗೆ ಹೊರಟುಹೋದನು. ಹೆಂಡತಿಯ ಮುಖವನ್ನು ಅವನು ಮತ್ತೆ ಕಾಣಲಿಲ್ಲ. ಮಗಳು ತಂದೆಯನ್ನು ಸೇರಿದುದು ಇಪ್ಪತ್ತು ವರ್ಷಗಳ ಅನಂತರ. ಅವನ ಬಾಳಿನ ಈ ಪುಟವನ್ನು ಮೆಚ್ಚುವುದು ಕಷ್ಟ, ಮರೆಮಾಚುವುದೂ ಸರಿಯಲ್ಲ.

ಇಂಗ್ಲೆಂಡಿನಲ್ಲಿ ಅವನು ಬಹುಬೇಗ ಮೇಲಕ್ಕೇರಿದನು. ಸಿಡಿಮದ್ದಿನ ಶಕ್ತಿಯನ್ನು ಅಳೆಯುವ ಪ್ರಯೋಗಗಳಿಂದ ಹೆಸರು ಪಡೆದು 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ಮುಂದೆ ಜರ್ಮನಿಯ ಬವೇರಿಯ ರಾಜ್ಯದ ದೊರೆ ಕಾರ್ಲ್ ಥಿಯೋಡೋರನ ಸೇವೆಗೆ ಸೇರಿ, ಸೈನ್ಯವನ್ನು ಸುಧಾರಿಸುವ ಹೊಣೆಯನ್ನು ಹೊತ್ತನು. ಅಲ್ಲಿ ಅವನ ವಿದ್ಯೆ ಬಡವರ ಬದುಕಿನ ಕಡೆಗೆ ತಿರುಗಿತು.

ಬವೇರಿಯದ ರಾಜಧಾನಿಯಾದ ಮ್ಯೂನಿಕ್ ಆಗ ಭಿಕ್ಷುಕರಿಂದ ತುಂಬಿಹೋಗಿತ್ತು. 1790ರ ಜನವರಿ ಒಂದರಂದು ಥಾಮ್ಸನ್ನನು ಸೇನಾಧಿಕಾರಿಗಳನ್ನೂ ನಗರದ ಅಧಿಕಾರಿಗಳನ್ನೂ ಕೂಡಿಕೊಂಡು ಬೀದಿಗಿಳಿದು, ಭಿಕ್ಷುಕರನ್ನೆಲ್ಲ ಹಿಡಿಸಿದನು. ಅವರನ್ನು ಸೆರೆಮನೆಗೆ ತಳ್ಳಲಿಲ್ಲ. ಹೆಸರು ಬರೆಸಿಕೊಂಡು, ಹೊಸದಾಗಿ ಸಿದ್ಧಪಡಿಸಿದ್ದ ದುಡಿಮೆಯ ಮನೆಗೆ ಬರಹೇಳಿದನು. ಅಲ್ಲಿ ಅವರು ನೂಲು ತೆಗೆದು, ಸೈನಿಕರಿಗೆ ಬಟ್ಟೆ ಹೊಲಿದು, ಕೂಲಿ ಪಡೆದರು. ಮಧ್ಯಾಹ್ನ ಬಿಸಿ ಊಟ ದೊರೆಯುತ್ತಿತ್ತು. ಬಾರ್ಲಿ, ಬಟಾಣಿ, ಆಲೂಗೆಡ್ಡೆಗಳನ್ನು ಬೇಯಿಸಿ, ರೊಟ್ಟಿಯ ಚೂರುಗಳನ್ನು ಹಾಕಿದ ಗಂಜಿಯೇ ಆ ಊಟ. ಸಾವಿರಕ್ಕೂ ಮಿಕ್ಕಿದ ಜನರಿಗೆ ದಿನವೂ ಅಡಿಗೆಯಾಗಬೇಕು. ಖರ್ಚು ಮಾತ್ರ ಮಿತಿಯಲ್ಲಿರಬೇಕು. ಲೆಕ್ಕವನ್ನು ಪರಿಶೀಲಿಸಿದಾಗ ಥಾಮ್ಸನ್ನನಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಧಾನ್ಯವನ್ನು ಅಳೆದು ಹಾಕುವ ಅಡಿಗೆಮನೆಯಲ್ಲಿ ಸೌದೆಯನ್ನು ಅಳೆಯುವವರೇ ಇರಲಿಲ್ಲ. ತೆರೆದ ಒಲೆಯಲ್ಲಿ ಉರಿದ ಸೌದೆಯ ಶಾಖದಲ್ಲಿ ಅಲ್ಪಭಾಗ ಮಾತ್ರ ಪಾತ್ರೆಗೆ ತಲಪಿ, ಉಳಿದುದೆಲ್ಲ ಗಾಳಿಯ ಪಾಲಾಗುತ್ತಿತ್ತು. ಅದನ್ನು ಉಳಿಸಿದರೆ ಆ ಹಣದಿಂದ ಇನ್ನಷ್ಟು ಜನರ ಹಸಿವನ್ನು ಹಿಂಗಿಸಬಹುದು. ಈ ವಿಚಾರವೇ ಅವನ ಮುಂದಿನ ಸಂಶೋಧನೆಗಳಿಗೆಲ್ಲ ತಾಯಿಬೇರಾಯಿತು.

ಅವನ ಸೇವೆಯನ್ನು ಮೆಚ್ಚಿ 1791ರಲ್ಲಿ ಅವನಿಗೆ ಕೌಂಟ್ ಎಂಬ ಪದವಿಯನ್ನು ನೀಡಿದರು. ಆಗ ಅವನು ತಾನು ತೊರೆದುಬಂದ ಊರಿನ ಹಳೆಯ ಹೆಸರನ್ನೇ ಆರಿಸಿಕೊಂಡು ಕೌಂಟ್ ರಂಫರ್ಡ್ ಎನಿಸಿಕೊಂಡನು.

ರಂಫರ್ಡನು ಕಣ್ಣಿಗೆ ಬಿದ್ದ ಸಣ್ಣ ಸಂಗತಿಯನ್ನೂ ಬಿಡುತ್ತಿರಲಿಲ್ಲ. ಬೇಯಿಸಿದ ಸೇಬಿನ ತಿನಿಸು ಬಹಳ ಹೊತ್ತು ಬಿಸಿಯಾಗಿಯೇ ಉಳಿದು ಬಾಯನ್ನು ಸುಡುತ್ತದೆ. ಬಿಸಿನೀರು ಮಾತ್ರ ಬೇಗ ಆರುತ್ತದೆ. ಹೀಗೇಕೆ ಎಂದು ಅವನು ಯೋಚಿಸಿದನು. ದ್ರವವು ಬಿಸಿಯಾದಾಗ ಹಗುರವಾಗಿ ಮೇಲೇರುತ್ತದೆ, ತಣ್ಣಗಿನ ಭಾಗ ಭಾರವಾಗಿ ಕೆಳಗಿಳಿಯುತ್ತದೆ. ಈ ಸಂಚಾರದಿಂದಲೇ ಶಾಖ ಹರಡುತ್ತದೆ, ಗಟ್ಟಿಯಾದ ತಿನಿಸಿನಲ್ಲಿ ಈ ಸಂಚಾರಕ್ಕೆ ಎಡೆಯಿಲ್ಲ ಎಂದು ಪ್ರಯೋಗಗಳಿಂದ ಕಂಡುಕೊಂಡನು. ತುಪ್ಪಟ ಮತ್ತು ಉಣ್ಣೆಯ ಬಟ್ಟೆಗಳು ಮೈಯನ್ನು ಬೆಚ್ಚಗಿಡುವುದು ಅವುಗಳ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡದೆ ನಿಲ್ಲುವುದರಿಂದ ಎಂದು ತಿಳಿಸಿದನು. ಗಾಳಿ ನಿಂತರೆ ಶಾಖ ಉಳಿಯುತ್ತದೆ. ಗಾಳಿ ಹರಿದರೆ ಶಾಖವೂ ಅದರೊಡನೆ ಹರಿದುಹೋಗುತ್ತದೆ. ಇಷ್ಟನ್ನು ಅರಿತವನಿಗೆ ಹೊಗೆಗೂಡಿನ ಮರ್ಮ ತಿಳಿಯುವುದು ಕಷ್ಟವಾಗಲಿಲ್ಲ.

1795ರಲ್ಲಿ ಅವನು ಲಂಡನ್ನಿಗೆ ಮರಳಿದಾಗ, ಕಲ್ಲಿದ್ದಲ ಹೊಗೆಯಿಂದ ನಗರವೆಲ್ಲ ಮಸಿ ಹಿಡಿದಿತ್ತು. ಚಳಿಯ ದೇಶವಾದ ಇಂಗ್ಲೆಂಡಿನಲ್ಲಿ ಪ್ರತಿಯೊಂದು ಮನೆಯ ಗೋಡೆಯಲ್ಲಿಯೂ ಅಗ್ಗಿಷ್ಟಿಕೆಯನ್ನು ಕಟ್ಟಿರುತ್ತಿದ್ದರು. ಅದು ಪೆಟ್ಟಿಗೆಯಂತೆ ಚೌಕವಾಗಿ ಆಳವಾಗಿರುತ್ತಿತ್ತು. ಅದರ ಮೇಲೆ ಹೊಗೆಗೂಡಿನ ಕಂಠ ವಿಶಾಲವಾಗಿ ಬಾಯ್ದೆರೆದಿರುತ್ತಿತ್ತು. ಬೆಂಕಿ ಉರಿದಷ್ಟೂ ಕೋಣೆಯ ಬೆಚ್ಚನೆಯ ಗಾಳಿ ಹೊಗೆಯೊಡನೆ ಆ ಕಂಠದ ಮೂಲಕ ಹೊರಟುಹೋಗುತ್ತಿತ್ತು. ಅದರ ಸ್ಥಾನವನ್ನು ತುಂಬಲು ಬಾಗಿಲು ಕಿಟಕಿಗಳ ಸಂದುಗಳಿಂದ ಹೊರಗಿನ ಕೊರೆಯುವ ಗಾಳಿ ಒಳನುಗ್ಗುತ್ತಿತ್ತು. ಬೆಂಕಿಯ ಮುಂದೆ ಕುಳಿತವರ ಮುಖ ಬೇಯುತ್ತಿತ್ತು, ಬೆನ್ನು ಸೆಡೆಯುತ್ತಿತ್ತು. ಇದು ಸಾಲದೆಂಬಂತೆ, ಅಗಲವಾದ ಕಂಠದಲ್ಲಿ ಮೇಲಿನಿಂದ ತಣ್ಣನೆಯ ಗಾಳಿ ಇಳಿದು ಹೊಗೆಯನ್ನು ಕೋಣೆಗೇ ಮರಳಿ ತಳ್ಳುತ್ತಿತ್ತು. ರಂಫರ್ಡನಿಗಿಂತ ಮೊದಲೇ, 1740ರ ದಶಕದಲ್ಲಿ, ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು ಈ ನಷ್ಟವನ್ನು ತಪ್ಪಿಸಲು ಕಬ್ಬಿಣದ ಒಲೆಯೊಂದನ್ನು ರೂಪಿಸಿದ್ದನು. ಆದರೆ ಲಂಡನ್ನಿನ ಸಾವಿರಾರು ಅಗ್ಗಿಷ್ಟಿಕೆಗಳು ಹಿಂದಿನಂತೆಯೇ ಇದ್ದವು.

ರಂಫರ್ಡನು ಅವುಗಳನ್ನು ಕಿತ್ತುಹಾಕಲು ಹೇಳಲಿಲ್ಲ. ನಾಲ್ಕಾರು ಇಟ್ಟಿಗೆಗಳಿಂದ ತಿದ್ದಬಹುದೆಂದು ತೋರಿಸಿದನು. ಮೊದಲನೆಯದಾಗಿ, ಹೊಗೆಗೂಡಿನ ಕಂಠವನ್ನು ಸುಮಾರು ನಾಲ್ಕು ಅಂಗುಲಗಳಿಗೆ ಕಿರಿದುಮಾಡಿಸಿದನು. ಹೊಗೆ ಹೋಗಲು ಅಷ್ಟು ದಾರಿ ಸಾಕು. ಕೋಣೆಯ ಗಾಳಿ ವ್ಯರ್ಥವಾಗಿ ಹೋಗಲು ಅದು ಸಾಲದು. ಎರಡನೆಯದಾಗಿ, ಹಿಂಗೋಡೆಯನ್ನು ಮುಂದಕ್ಕೆ ತಂದು, ಅದರ ಅಗಲವನ್ನು ಎದುರಿನ ತೆರಪಿನ ಮೂರನೆಯ ಒಂದು ಭಾಗಕ್ಕೆ ಇಳಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿ ನಿಲ್ಲಿಸಿದನು. ಇದರಿಂದ ಬೆಂಕಿಯ ಕಿರಣಗಳು ಆ ಓರೆಗೋಡೆಗಳಿಗೆ ತಾಗಿ ಕೋಣೆಯ ಕಡೆಗೆ ಬಂದವು. ಮೂರನೆಯದಾಗಿ, ಕಂಠದ ಹಿಂದೆ ಮೆಟ್ಟಿಲಿನಂತಹ ಕಟ್ಟೆಯನ್ನು ಉಳಿಸಿ, ಮೇಲಿನಿಂದ ಇಳಿಯುವ ಗಾಳಿ ನೇರವಾಗಿ ಬೆಂಕಿಗೆ ಬಡಿಯದಂತೆ ತಡೆದನು. ಕಂಠವು ಕಿರಿದಾದರೆ ಮಸಿ ತೆಗೆಯುವ ಹುಡುಗರು ಮೇಲೇರುವುದು ಹೇಗೆ? ಅದಕ್ಕಾಗಿ, ತೆಗೆದು ಇಡಬಹುದಾದ ಬಿಲ್ಲೆಯೊಂದನ್ನು ಅಲ್ಲಿ ಕೂಡಿಸಿದನು. ಹೊಗೆಯುಗುಳುವ ಸುಮಾರು ಐದುನೂರು ಹೊಗೆಗೂಡುಗಳು ತನ್ನ ಕೈಗೆ ಬಂದಿದ್ದವೆಂದು ಅವನೇ ಬರೆದಿದ್ದಾನೆ.

ಅಡಿಗೆಯ ಒಲೆಯಲ್ಲಿ ಅವನು ಇನ್ನೂ ಮುಂದೆ ಹೋದನು. ಬೆಂಕಿಯನ್ನು ಇಟ್ಟಿಗೆಯ ಗೂಡಿನೊಳಗೆ ಮುಚ್ಚಿ, ಪ್ರತಿಯೊಂದು ಪಾತ್ರೆಗೂ ಬೇರೆಬೇರೆ ಚಿಕ್ಕ ಉರಿಯನ್ನು ಏರ್ಪಡಿಸಿದನು. ಪಾತ್ರೆಗಳು ಒಲೆಯ ಕುಳಿಗಳಲ್ಲಿ ಇಳಿದು ಕುಳಿತವು. ಉರಿ ಅವುಗಳ ತಳವನ್ನೂ ಪಕ್ಕಗಳನ್ನೂ ಸುತ್ತಿ ಹೋಗುತ್ತಿತ್ತು. ಬೂದಿಗುಳಿಯ ಬಾಗಿಲಿನಲ್ಲಿ ಬೇಕಾದಷ್ಟೇ ತೆರೆಯಬಹುದಾದ ಗಾಳಿಕಂಡಿಯಿತ್ತು. ಹೊಗೆಯ ದಾರಿಯಲ್ಲಿ ಎಳೆದು ತಳ್ಳಬಹುದಾದ ತಗಡಿತ್ತು. ಇವೆರಡರ ಪ್ರಯೋಜನವನ್ನು ನಾವು ಚೆನ್ನಾಗಿ ತಿಳಿಯಬೇಕು. ಗಾಳಿ ಸಾಲದಿದ್ದರೆ ಸೌದೆ ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ಗಾಳಿ ಅತಿಯಾದರೆ ಅದು ಶಾಖವನ್ನು ಹೊತ್ತುಕೊಂಡು ಹೊರಗೆ ಹಾರುತ್ತದೆ. ಇವೆರಡರ ನಡುವಣ ಹದವನ್ನು ಹಿಡಿಯುವುದೇ ಒಲೆಯ ವಿದ್ಯೆ. ಗಾಳಿಕಂಡಿಯನ್ನೂ ತಗಡನ್ನೂ ಅಡಿಗೆಯವರ ಕೈಗೆ ಕೊಟ್ಟು, ರಂಫರ್ಡನು ಆ ಹದವನ್ನು ಅವರ ಅಧೀನಕ್ಕೆ ತಂದನು. ಇಟಲಿಯ ವೆರೋನ ನಗರದ ಆಸ್ಪತ್ರೆಗಳಲ್ಲಿಯೂ ಲಂಡನ್ನಿನ ಅನಾಥ ಮಕ್ಕಳ ಆಶ್ರಮದಲ್ಲಿಯೂ ಅವನ ಅಡಿಗೆಮನೆಗಳು ಬಂದವು. ಇಟ್ಟಿಗೆಯ ಈ ದೊಡ್ಡ ಒಲೆಗಳು ಸಣ್ಣ ಸಂಸಾರಗಳಿಗೆ ಒಗ್ಗಲಿಲ್ಲವೆಂಬುದು ನಿಜ. ಅವು ಮನೆಮನೆಗೆ ತಲಪಲು ಮುಂದಿನ ಕುಶಲಕರ್ಮಿಗಳ ಕಬ್ಬಿಣದ ಒಲೆಗಳು ಬರಬೇಕಾಯಿತು.

ಈ ಯಾವ ಸುಧಾರಣೆಗೂ ರಂಫರ್ಡನು ಪೇಟೆಂಟ್ ಪಡೆಯಲಿಲ್ಲ. ಅಳತೆಗಳನ್ನೂ ಚಿತ್ರಗಳನ್ನೂ ಪ್ರಬಂಧಗಳಲ್ಲಿ ಪ್ರಕಟಿಸಿ, ಯಾರು ಬೇಕಾದರೂ ಕಟ್ಟಿಕೊಳ್ಳಲೆಂದು ಬಿಟ್ಟನು. ಕೀರ್ತಿಯ ವಿಷಯದಲ್ಲಿ ಬಹಳ ಆಸೆಯುಳ್ಳವನಾದರೂ, ಒಲೆಯ ವಿಷಯದಲ್ಲಿ ಅವನು ಹಣಕ್ಕೆ ಆಸೆಪಡಲಿಲ್ಲ.

ವಿಜ್ಞಾನದ ಚರಿತ್ರೆಯಲ್ಲಿ ಅವನ ಹೆಸರು ಉಳಿದಿರುವುದು ಇನ್ನೊಂದು ಪ್ರಯೋಗದಿಂದ. ಆ ಕಾಲದಲ್ಲಿ ಶಾಖವೆಂಬುದು ಕ್ಯಾಲೊರಿಕ್ ಎಂಬ ಸೂಕ್ಷ್ಮ ದ್ರವವೆಂದು ವಿದ್ವಾಂಸರು ನಂಬಿದ್ದರು. ಮ್ಯೂನಿಕ್‌ನ ಶಸ್ತ್ರಾಗಾರದಲ್ಲಿ ಫಿರಂಗಿಯ ನಳಿಗೆಯನ್ನು ಕೊರೆಯುವಾಗ ಲೋಹ ವಿಪರೀತವಾಗಿ ಕಾಯುವುದನ್ನು ರಂಫರ್ಡನು ಕಂಡನು. ಲೋಹವನ್ನು ನೀರಿನಲ್ಲಿ ಮುಳುಗಿಸಿ, ಮೊಂಡಾದ ಬೈರಿಗೆಯನ್ನು ಅದಕ್ಕೆ ಒತ್ತಿಹಿಡಿದು, ಕುದುರೆಗಳ ಬಲದಿಂದ ಆ ಲೋಹವನ್ನು ತಿರುಗಿಸಿದನು. ಸುಮಾರು ಎರಡೂವರೆ ಗಂಟೆಗಳಲ್ಲಿ ಬೆಂಕಿಯೇ ಇಲ್ಲದೆ ನೀರು ಕುದಿಯಿತು. ನೋಡುತ್ತಿದ್ದವರು ಬೆರಗಾದರು. ಉಜ್ಜಿದಷ್ಟೂ ಶಾಖ ಬರುತ್ತಲೇ ಇತ್ತು. ಅದಕ್ಕೆ ಕೊನೆಯೆಂಬುದು ಕಾಣಲಿಲ್ಲ. ಒಂದು ವಸ್ತುವಿನಲ್ಲಿ ಅಡಗಿದ ದ್ರವವಾಗಿದ್ದರೆ ಅದು ಎಂದಾದರೂ ಮುಗಿಯಬೇಕಿತ್ತು. ಆದುದರಿಂದ ಶಾಖವು ದ್ರವವಲ್ಲ, ಒಂದು ಬಗೆಯ ಚಲನೆ ಎಂದು 1798ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ವಾದಿಸಿದನು. ಅದನ್ನು ಲೋಕ ಒಪ್ಪಲು ಅರ್ಧ ಶತಮಾನ ಹಿಡಿಯಿತು.

1799ರಲ್ಲಿ, ವಿಜ್ಞಾನವನ್ನು ನಿತ್ಯಜೀವನಕ್ಕೆ ಬಳಸುವ ಉದ್ದೇಶದಿಂದ, ಲಂಡನ್ನಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯ ಸ್ಥಾಪನೆಗೆ ಅವನು ಮುಂದಾಳಾದನು. ಹಂಫ್ರಿ ಡೇವಿಯಂತಹ ಪ್ರತಿಭಾವಂತ ತರುಣನನ್ನು 1801ರಲ್ಲಿ ಅಲ್ಲಿಗೆ ಕರೆತಂದನು. ಆದರೆ ಸಹೋದ್ಯೋಗಿಗಳೊಡನೆ ಹೊಂದಿಕೊಂಡು ಬಾಳುವುದು ಅವನ ಸ್ವಭಾವದಲ್ಲಿರಲಿಲ್ಲ. ಸಂಸ್ಥೆಯನ್ನು ಬಿಟ್ಟು ಫ್ರಾನ್ಸಿನಲ್ಲಿ ನೆಲೆಸಿದನು. ಅಲ್ಲಿ ಪ್ರಸಿದ್ಧ ವಿಜ್ಞಾನಿ ಲವಾಸಿಯೆಯ ವಿಧವೆಯನ್ನು ಮದುವೆಯಾದನು. ಕ್ಯಾಲೊರಿಕ್ ಎಂಬ ಭಾವನೆಗೆ ಬಲವಾದ ಬೆಂಬಲವಿತ್ತವನು ಆ ಲವಾಸಿಯೆಯೇ ಎಂಬುದು ವಿಧಿಯ ವಿಚಿತ್ರ. ಈ ದಾಂಪತ್ಯವೂ ಸುಖಕರವಾಗದೆ 1809ರಲ್ಲಿ ಮುರಿಯಿತು. 1814ರ ಆಗಸ್ಟ್ 21ರಂದು ಪ್ಯಾರಿಸ್ಸಿನ ಬಳಿಯ ಓತೇ ಎಂಬಲ್ಲಿ ರಂಫರ್ಡನು ಕಾಲವಶನಾದನು. ಯಾವ ಹಾರ್ವರ್ಡಿಗೆ ಬಾಲ್ಯದಲ್ಲಿ ನಡೆದುಹೋಗಿ ಪಾಠ ಕೇಳಿದ್ದನೋ, ಆ ವಿದ್ಯಾಸಂಸ್ಥೆಗೆ ಒಂದು ಪ್ರಾಧ್ಯಾಪಕ ಪೀಠಕ್ಕಾಗಿ ಹಣವನ್ನು ಬಿಟ್ಟುಹೋಗಿದ್ದನು.

ರಂಫರ್ಡನು ನೂರಾರು ಜನರ ಮನೆಗಳನ್ನು ಬೆಚ್ಚಗೆ ಮಾಡಿದನು. ತನ್ನ ಮನೆಯನ್ನು ಬೆಚ್ಚಗೆ ಮಾಡಿಕೊಳ್ಳಲು ಅವನಿಂದಾಗಲಿಲ್ಲ. ಅವನ ಗುಣದೋಷಗಳೆರಡನ್ನೂ ತೂಗಿ ನೋಡುವಾಗ ಒಂದು ಮಾತನ್ನು ಮರೆಯಲಾಗದು. ಬಡವನ ಒಲೆಯೂ ವಿಜ್ಞಾನಿಯ ಪ್ರಯೋಗಶಾಲೆಯಷ್ಟೇ ಗೌರವಕ್ಕೆ ಅರ್ಹವೆಂದು ತಿಳಿದವರಲ್ಲಿ ಅವನು ಅಗ್ರಗಣ್ಯನು.

ಆ ದೃಷ್ಟಿ ಅವನೊಡನೆ ಅಳಿಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಗ್ರಾಮೀಣ ಜನರ ಅಗತ್ಯಗಳಿಗೆ ವಿಜ್ಞಾನವನ್ನು ಅನ್ವಯಿಸಲು 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಆರಂಭವಾಯಿತು. 1980ರ ದಶಕದಲ್ಲಿ ಅಲ್ಲಿಯ ವಿಜ್ಞಾನಿಗಳು ಹಳ್ಳಿಯ ಅಡಿಗೆಮನೆಗಳ ಸೌದೆಯ ಖರ್ಚನ್ನೂ ಹೊಗೆಯ ಕಾಟವನ್ನೂ ಪರಿಶೀಲಿಸಿ, ಮೂರು ಪಾತ್ರೆಗಳನ್ನಿಡುವ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದರು. ಮುಚ್ಚಿದ ಉರಿ, ಅಳತೆಯ ಗಾಳಿ, ಹೊಗೆಗೆ ಸರಿಯಾದ ದಾರಿ ಎಂಬ ತತ್ತ್ವಗಳೇ ಇಲ್ಲಿಯೂ ಕೆಲಸಮಾಡಿದವು. ಕರ್ನಾಟಕದ ಹಲವು ಹಳ್ಳಿಗಳ ಮನೆಗಳಲ್ಲಿ ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ ತಾಯಂದಿರಿಗೆ ಅದರಿಂದ ನೆಮ್ಮದಿ ದೊರೆಯಿತು. ಹೆಚ್ಚು ಸೌದೆಯನ್ನು ತುರುಕಿದರೆ ಒಲೆ ಹೆಚ್ಚು ಶಾಖವನ್ನು ಕೊಡುವುದೆಂದು ತಿಳಿಯುವುದು ಸುಲಭ. ಇರುವ ಸೌದೆಯ ಶಾಖ ಎಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕಲು ಮಾತ್ರ ತಾಳ್ಮೆಯೂ ವಿವೇಕವೂ ಬೇಕು. ರಂಫರ್ಡನ ಜೀವನದಿಂದ ನಾವು ಕಲಿಯಬಹುದಾದ ಪಾಠ ಇದೇ ಆಗಿದೆ.